ಚಿನ್ನದ ಗಣಿಯ ಕಾದಂಬರಿ ಬರೆಯಲು ಹೊರಟವರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಕಾದಂಬರಿಕಾರರೇ, ಕತೆಗಾರರೇ, ಚಿತ್ರಕಥೆ ಬರೆಯುವ ಗೆಳೆಯ ಗೆಳತಿಯರೇ,

ಕೆಜಿಎಫ್ ಅನ್ನುವ ಮೂರಕ್ಷರ ಈಗ ದೇಶಕ್ಕೆಲ್ಲ ಗೊತ್ತು. ಕೋಲಾರದ ಚಿನ್ನದ ಗಣಿಯ ಹಳೇ ಕಾಲ ಇಟ್ಟುಕೊಂಡು ಏನೋ ಬರೀತಿದ್ದೀನಿ ಅನ್ನುವವರು ಜಾಸ್ತಿಯಾಗಿದ್ದಾರೆ. ಬಂಗಾರಪೇಟೆ ಕಡೆಯವನಾದ ನನಗೆ ಇದು ಖುಷಿಯ ವಿಷಯವೇ. ನಾನು ಬರಹಗಾರನಲ್ಲ, ಓದುಗ. ಸ್ನೇಹಿತರು ಬರೆದದ್ದನ್ನು ಓದಿ ಅಭಿಪ್ರಾಯ ಹೇಳುವುದು ನನ್ನ ಹಳೇ ಚಟ. ಹಾಗೆ ಓದಿದ ಕೆಲವು ಹಸ್ತಪ್ರತಿಗಳೇ ಈ ಪತ್ರಕ್ಕೆ ಕಾರಣ.

ಅವುಗಳಲ್ಲಿ ಊರಿನ ಹೆಸರು ಉರಿಗಾಂ ಅಂತಲೋ ಮಾರಿಕುಪ್ಪಂ ಅಂತಲೋ ಇರುತ್ತದೆ. ಜನ ಮಾತ್ರ ಅಮೆರಿಕದವರು. ಕುದುರೆ ಏರಿ ಬರುವ ಒಂಟಿ ನಾಯಕ, ಹೆಂಡದಂಗಡಿಯಲ್ಲಿ ಬಂದೂಕಿನ ಜಗಳ, ಬೆಟ್ಟದ ಬುಡದಲ್ಲಿ ಚಿನ್ನದ ಗಟ್ಟಿ ಸಿಕ್ಕಿ ರಾತ್ರೋರಾತ್ರಿ ಸಾಹುಕಾರನಾಗುವ ಬಡವ. ಓದಲು ಮಜಾ ಇರಬಹುದು. ಆದರೆ ಇದು ನಮ್ಮ ಗಣಿಯಲ್ಲಿ ನಡೆಯಲು ಸಾಧ್ಯವೇ ಇರಲಿಲ್ಲ. ಯಾಕೆ ಅಂತ ಹೇಳುತ್ತೇನೆ, ಯಾಕೆಂದರೆ ಆ ಕಾರಣದಲ್ಲೇ ನಿಮ್ಮ ಕಾದಂಬರಿ ಇದೆ.

1849ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಜನ ನುಗ್ಗಿದಾಗ ಅಲ್ಲಿ ಚಿನ್ನ ಹೊಳೆಯ ಮರಳಿನಲ್ಲಿತ್ತು. ಒಂದು ತಟ್ಟೆ, ಒಂದು ಸಲಿಕೆ ಇದ್ದವನು ಹೋಗಿ ಗೂಟ ಹೊಡೆದು ಇದು ನನ್ನ ಜಾಗ ಅನ್ನಬಹುದಿತ್ತು. 1890ರ ದಶಕದ ಕೊನೆಯಲ್ಲಿ ಕ್ಲೋಂಡೈಕ್‌ನಲ್ಲೂ ಹೆಚ್ಚುಕಡಿಮೆ ಹೀಗೇ. ಕೋಲಾರದ ಚಿನ್ನ ಇರುವುದು ಗಟ್ಟಿ ಬೆಣಚುಕಲ್ಲಿನ ಒಳಗೆ. ಕಲ್ಲು ಕೈಯಲ್ಲಿ ಹಿಡಿದರೂ ಸಾಮಾನ್ಯವಾಗಿ ಕಣ್ಣಿಗೆ ಕಾಣುವುದಿಲ್ಲ. ಪಾತಾಳದಿಂದ ಟನ್ನುಗಟ್ಟಲೆ ಕಲ್ಲು ಎತ್ತಬೇಕು, ಹಿಟ್ಟು ಮಾಡಬೇಕು, ಪಾದರಸ ಹಿಡಿಸಬೇಕು. ಅದಕ್ಕೆ ದೊಡ್ಡ ಯಂತ್ರ ಬೇಕು, ಯಂತ್ರಕ್ಕೆ ದೊಡ್ಡ ಬಂಡವಾಳ ಬೇಕು. ಹಾಗಾಗಿ ಇಲ್ಲಿ ಕಂಪನಿ ಬಂತು. ಕಂಪನಿ ಬಂದ ಮೇಲೆ ನೆಲ ಅವರದು, ಕಲ್ಲು ಅವರದು, ಮನೆ ಅವರದು, ಆಸ್ಪತ್ರೆ ಅವರದು. ಅಗೆದವನಿಗೆ ಒಂದು ಗುಂಜಿ ಚಿನ್ನವೂ ಸ್ವಂತವಾಗಿರಲಿಲ್ಲ. ಸುಮಾರು 120 ವರ್ಷಗಳಲ್ಲಿ 800 ಟನ್ನಿನಷ್ಟು ಚಿನ್ನ ಮೇಲೆ ಬಂತು. ಅದನ್ನು ತೆಗೆದ ಒಬ್ಬನೇ ಒಬ್ಬ ಕೂಲಿಯೂ ಅದರಿಂದ ಶ್ರೀಮಂತನಾಗಲಿಲ್ಲ. ಇದನ್ನು ಬಿಟ್ಟು ಬೇರೆ ಯಾವ ಕತೆ ಬರೆದರೂ ಅದು ಕೆಜಿಎಫ್ ಕತೆ ಆಗುವುದಿಲ್ಲ ಅನ್ನುವುದು ನನ್ನ ವಾದ.

ಹಾಗಾದರೆ ಚಿನ್ನದ ಹುಚ್ಚು ಇಲ್ಲಿ ಇರಲೇ ಇಲ್ವಾ? ಇತ್ತು. ಆದರೆ ಅದು ಹತ್ತಿದ್ದು ಲಂಡನ್ನಿನ ಷೇರು ಪೇಟೆಯವರಿಗೆ. 1880ರ ಸುಮಾರಿಗೆ ವಯನಾಡಿನಲ್ಲಿ ಚಿನ್ನ ಇದೆ ಅಂತ ಅಲ್ಲಿ ಗುಲ್ಲೆದ್ದಿತು. ಸಾಲುಸಾಲು ಕಂಪನಿಗಳು ಹುಟ್ಟಿದವು, ಜನ ದುಡ್ಡು ಸುರಿದರು, ಕೆಲವೇ ವರ್ಷದಲ್ಲಿ ಎಲ್ಲ ಮುಳುಗಿತು. ದೇವಾಲ, ಪಂದಲೂರಿನ ಕಾಡಿನಲ್ಲಿ ಯಂತ್ರಗಳು ತುಕ್ಕು ಹಿಡಿದವು. ಕೋಲಾರದ ಕಂಪನಿಗಳೂ ಅದೇ ದಾರಿ ಹಿಡಿಯುವುದರಲ್ಲಿದ್ದವು. ಅವುಗಳಲ್ಲಿ ಒಂದಾದ ಮೈಸೂರು ಗಣಿಯಲ್ಲಿ ಹಾಕಿದ ದುಡ್ಡು ಮುಗಿಯುತ್ತಾ ಬಂದಿತ್ತು, ಮುಚ್ಚಿಬಿಡಿ ಅಂತ ಪಾಲುದಾರರು ಗಲಾಟೆ ಮಾಡುತ್ತಿದ್ದರು. ಗಣಿ ನಡೆಸುತ್ತಿದ್ದ ಜಾನ್ ಟೇಲರ್ ಕಂಪನಿ ಇನ್ನೊಂದು ಸಲ ನೋಡೋಣ ಅಂತ ಅವರನ್ನು ಒಪ್ಪಿಸಿತು. ಪ್ಲಮ್ಮರ್ ಅನ್ನುವ ಗಣಿ ಕ್ಯಾಪ್ಟನ್ ಹಳೇ ಕಾಲದ ಗುಂಡಿಗಳ ಜಾಡು ಹಿಡಿದು ಕೆಳಗಿಳಿದ. ಚಾಂಪಿಯನ್ ಅನ್ನುವ, ಚಿನ್ನ ತುಂಬಿದ ಬೆಣಚುಕಲ್ಲಿನ ಪದರ ಸಿಕ್ಕಿತು. ಇಲ್ಲಿ ನನಗೆ ಕುತೂಹಲ ಆ ಕ್ಯಾಪ್ಟನ್ ಬಗ್ಗೆ ಅಲ್ಲ. ಆ ಹಳೇ ಗುಂಡಿ ತೋಡಿದವರು ಯಾರು? ಉಗಿ ಯಂತ್ರವಿಲ್ಲದ ಕಾಲದಲ್ಲಿ, ಬೆಂಕಿ ಹಾಕಿ ಬಂಡೆ ಕಾಯಿಸಿ ಒಡೆದು, ನೂರಾರು ಅಡಿ ಕೆಳಗೆ ಹೋದವರು? ಅವರ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ಕಾದಂಬರಿಗೆ ಇದಕ್ಕಿಂತ ಒಳ್ಳೆ ಜಾಗ ಎಲ್ಲಿ ಸಿಗುತ್ತದೆ, ಹೇಳಿ.

ಇನ್ನೂ ಹಿಂದಕ್ಕೆ ಹೋಗುವ ಧೈರ್ಯ ಇದ್ದರೆ 1802ಕ್ಕೆ ಹೋಗಿ. ಟಿಪ್ಪು ಬಿದ್ದು ಮೂರು ವರ್ಷ ಆಗಿತ್ತು. ಜಾನ್ ವಾರೆನ್ ಅನ್ನುವ ಲೆಫ್ಟಿನೆಂಟ್ ಮೈಸೂರಿನ ಮೂಡಣ ಗಡಿ ಅಳೆಯಲು ಬಂದಿದ್ದ. ಈ ಕಡೆ ಮಣ್ಣಲ್ಲಿ ಚಿನ್ನ ಇದೆಯಂತೆ ಅನ್ನುವ ಮಾತು ಕಿವಿಗೆ ಬಿತ್ತು. ತೋರಿಸಿದವರಿಗೆ ಬಹುಮಾನ ಅಂದ. ಉರಿಗಾಂನ ಜನ ಗಾಡಿಯಲ್ಲಿ ಮಣ್ಣು ಹೇರಿಕೊಂಡು ಬಂದು ಅವನ ಕಣ್ಣೆದುರೇ ತೊಳೆದು ಚಿನ್ನದ ಕಣ ತೋರಿಸಿದರು. ಮಾರಿಕುಪ್ಪಂನಲ್ಲಿ ಅವನು ನೋಡಿದ್ದು ಇನ್ನೂ ದೊಡ್ಡದು. ಗಂಡಸರು ಗುಂಡಿಗೆ ಇಳಿದು ಕಲ್ಲು ಒಡೆದು ಬುಟ್ಟಿಯಲ್ಲಿ ಕೈಯಿಂದ ಕೈಗೆ ದಾಟಿಸುತ್ತಿದ್ದರು. ಮೇಲೆ ಹೆಂಗಸರು ಅದನ್ನು ಕುಟ್ಟಿ ಪುಡಿ ಮಾಡಿ ನೀರಲ್ಲಿ ತೊಳೆಯುತ್ತಿದ್ದರು. ಊರಿನವರು ಮುಟ್ಟಿಸಿಕೊಳ್ಳದ ಜಾತಿಯ ಜನ ಅವರು. ವಾರೆನ್ ತಾನು ಕಂಡದ್ದನ್ನು ಬರೆದಿಟ್ಟ, ಅವನ ಹೆಸರು ಉಳಿಯಿತು. ಅಂದು ಕಲ್ಲು ಕುಟ್ಟುತ್ತಿದ್ದ ಹೆಂಗಸರಲ್ಲಿ ಒಬ್ಬಳಿಗೆ ನೀವೊಂದು ಹೆಸರು ಕೊಡಿ. ಬಹುಮಾನ ಕೊಡ್ತೀನಿ ಅಂದ ಸಾಹೇಬನನ್ನು ಅವಳು ಹೇಗೆ ನೋಡಿದಳು? ಇರುವುದನ್ನು ಇವನಿಗೆ ತೋರಿಸಬಾರದಿತ್ತು ಅಂತ ರಾತ್ರಿ ಗಂಡನ ಜೊತೆ ಜಗಳ ಆಡಿದಳಾ? ಇತಿಹಾಸಕಾರರು ಇಂಥದ್ದನ್ನು ಬರೆಯುವ ಹಾಗಿಲ್ಲ. ನೀವು ಬರೆಯಬಹುದು.

ಲ್ಯಾವೆಲ್ಲೆ ಬಗ್ಗೆ ಎಲ್ಲರೂ ಬರೆಯುತ್ತಾರೆ, ಬರೆಯಲಿ. ಐರಿಶ್ ಸಿಪಾಯಿ, ನ್ಯೂಜಿಲೆಂಡಿನ ಯುದ್ಧ ಮುಗಿಸಿ ಬೆಂಗಳೂರಿಗೆ ಬಂದವನು, ವಾರೆನ್ ಬರೆದದ್ದನ್ನು ಓದಿ ಎತ್ತಿನ ಗಾಡಿ ಕಟ್ಟಿಸಿಕೊಂಡು ಕೋಲಾರದ ಕಡೆ ಹೊರಟವನು. ಸಿನಿಮಾಕ್ಕೆ ಹೇಳಿ ಮಾಡಿಸಿದ ಹಾಗಿದ್ದಾನೆ. 1875ರಲ್ಲಿ ಅವನಿಗೆ ಗಣಿ ಅಗೆಯುವ ಹಕ್ಕು ಸಿಕ್ಕಿತು. ದುಡ್ಡಿಲ್ಲದೆ ಎರಡೇ ವರ್ಷದಲ್ಲಿ ಬೇರೆಯವರಿಗೆ ದಾಟಿಸಿದ. ಈಗ ಬೆಂಗಳೂರಿನಲ್ಲಿ ಅವನ ಹೆಸರಿನ ರಸ್ತೆ ಇದೆ. ಆದರೆ ಒಂದು ಮಾತು. ನಾನು ಓದಿದ ಒಂದು ಹಸ್ತಪ್ರತಿಯಲ್ಲಿ ಅವನು ಮೈಸೂರು ಅರಮನೆಗೆ ಹೋಗಿ ಮಹಾರಾಜರ ಕಾಲಿಗೆ ಬಿದ್ದು ಅಪ್ಪಣೆ ಕೇಳುತ್ತಾನೆ. ಆಗ ಮೈಸೂರು ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು ಸ್ವಾಮಿ. ರಾಜ್ಯ ಒಡೆಯರ ಕೈಗೆ ವಾಪಸ್ ಬಂದದ್ದು 1881ರಲ್ಲಿ.

ಇಂಥ ಇನ್ನೂ ಕೆಲವು ಎಡವುಗಲ್ಲುಗಳಿವೆ. ಕೆಜಿಎಫ್ ಅಂದ ಕೂಡಲೇ ಎಲ್ಲರೂ ಬಿಳಿ ಸೈನೈಡ್ ದಿಬ್ಬಗಳ, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಕಲ್ಲಿನ ಪುಡಿಯ ಗುಡ್ಡೆಗಳ, ವರ್ಣನೆಗೆ ಇಳಿಯುತ್ತಾರೆ. ಕಲ್ಲಿನ ಪುಡಿಯಿಂದ ಸೈನೈಡ್ ಹಾಕಿ ಚಿನ್ನ ಬಿಡಿಸುವ ವಿಧಾನಕ್ಕೆ ಪೇಟೆಂಟ್ ಆದದ್ದೇ 1887ರಲ್ಲಿ. 1885ರ ಪ್ರೇಮಿಗಳನ್ನು ಸೈನೈಡ್ ದಿಬ್ಬದ ನೆರಳಲ್ಲಿ ಕೂರಿಸಬೇಡಿ. ಬೌರಿಂಗ್‌ಪೇಟೆಯಿಂದ, ಅಂದರೆ ನಮ್ಮ ಬಂಗಾರಪೇಟೆಯಿಂದ, ಗಣಿಗೆ ರೈಲು ಹಾಕಿದ್ದು 1894ರಲ್ಲಿ. ಅದಕ್ಕೂ ಮುಂಚೆ ಬಾಯ್ಲರು, ಕಬ್ಬಿಣ, ಸಾಹೇಬರ ಪಿಯಾನೋ ಎಲ್ಲ ಬಂಗಾರಪೇಟೆಯಿಂದ ಗಣಿಗೆ ಗಾಡಿಯ ಮೇಲೆಯೇ ಹೋಗಬೇಕು. ಶಿವನಸಮುದ್ರದಿಂದ ಕರೆಂಟು ಬಂದದ್ದು 1902ರ ಜೂನ್ ಕೊನೆಗೆ. ಸುಮಾರು 147 ಕಿಲೋಮೀಟರ್ ತಂತಿ ಎಳೆದು ತಂದರು. ಆ ಕಾಲಕ್ಕೆ ಅಷ್ಟು ಉದ್ದದ ತಂತಿ ಪ್ರಪಂಚದಲ್ಲೇ ಅಪರೂಪ. ಬೆಂಗಳೂರಿಗೆ ಆ ಭಾಗ್ಯ ಬರಲು 1905ರವರೆಗೆ ಕಾಯಬೇಕಾಯಿತು. ಇದನ್ನು ಹೆಮ್ಮೆಯಿಂದ ಬರೆಯುವವರು ಒಂದನ್ನು ಮರೆಯುತ್ತಾರೆ. ಕರೆಂಟು ಬಂದದ್ದು ಕಲ್ಲು ಕುಟ್ಟುವ ಯಂತ್ರಕ್ಕೆ. ಕೂಲಿ ಲೈನಿನ ಗುಡಿಸಲಿಗಾಗಿ ಅಲ್ಲ.

ಕೂಲಿ ಲೈನು ಅಂದೆ. ನಿಮ್ಮ ಕತೆ ಜಾಸ್ತಿ ಹೊತ್ತು ಅಲ್ಲಿರಲಿ ಅನ್ನುವುದು ನನ್ನ ಆಸೆ. ಬಿದಿರಿನ ತಟ್ಟಿ ಹೆಣೆದ ಗುಡಿಸಲುಗಳ ಸಾಲು. ತಟ್ಟಿ ಮನೆ ಅಂತಲೇ ಕರೆಯುತ್ತಿದ್ದರು. ಒಂದು ಮನೆಯ ಕೆಮ್ಮು ಪಕ್ಕದ ಮನೆಗೆ ಕೇಳುತ್ತದೆ, ಜಗಳವಂತೂ ಇಡೀ ಸಾಲಿಗೇ ಕೇಳುತ್ತದೆ. ಬಂದವರು ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಯವರು. ಬರ, ಸಾಲ, ಊರಿನ ಗೌಡರ ಕಾಟ ಇವೆಲ್ಲ ಬಿಟ್ಟು ಬಂದವರಲ್ಲಿ ಹೆಚ್ಚಿನವರು ದಲಿತರು. ಮೇಸ್ತ್ರಿ ಮುಂಗಡ ಕೊಟ್ಟು ಕರೆತಂದಿರುತ್ತಾನೆ, ಆ ಮುಂಗಡ ಕೂಲಿಯಿಂದ ಕಳೆಯುತ್ತಲೇ ಇರುತ್ತದೆ. 1898ರಲ್ಲಿ ಪ್ಲೇಗು ಬಂತು. ಹೊಸ ಊರು ಕಟ್ಟುವ ಮಾತು ಬಂದದ್ದೂ ಆಮೇಲೆ. ಬ್ರಿಟಿಷ್ ಸರ್ಕಾರದ ಪ್ರತಿನಿಧಿ, ಅಂದರೆ ರೆಸಿಡೆಂಟ್ ಆಗಿದ್ದ ರಾಬರ್ಟ್‌ಸನ್ ಹೆಸರಲ್ಲಿ ರಾಬರ್ಟ್‌ಸನ್‌ಪೇಟೆ ಎದ್ದಿತು. ನೇರ ಬೀದಿ, ಅಳೆದು ಕೊಟ್ಟ ನಿವೇಶನ. ಊರಲ್ಲಿ ಹಟ್ಟಿಯ ಆಚೆ ಕಾಲಿಡಲು ಹೆದರುತ್ತಿದ್ದವನು ಇಲ್ಲಿ ರೈಲಿಳಿದು ಪೇಟೆಯ ನಡುಬೀದಿಯಲ್ಲಿ ನಡೆದು ಹೋಗುತ್ತಾನೆ. ಅದೇ ಮನುಷ್ಯ ಮರುದಿನ ಕೇಜು ಅನ್ನುವ ಗಣಿ ಲಿಫ್ಟಿನಲ್ಲಿ ಕೆಳಗಿಳಿದು ಜೀವ ಕೈಯಲ್ಲಿ ಹಿಡಿದು ಕೆಲಸ ಮಾಡುತ್ತಾನೆ. ಬಿಡುಗಡೆಯೂ ಸೆರೆಯೂ ಒಂದೇ ಟಿಕೆಟ್ಟಿನಲ್ಲಿ. ಗಣಿ ಅಂದರೆ ಬರೀ ನರಕ ಅಂತ ತೋರಿಸುವ ಬರಹಗಾರರು ಈ ಮೊದಲರ್ಧವನ್ನು ಬಿಟ್ಟುಬಿಡುತ್ತಾರೆ. ಹಾಗೆ ಬಿಟ್ಟರೆ, ಅಷ್ಟೊಂದು ಜನ ಯಾಕೆ ಬಂದರು, ಯಾಕೆ ತಲೆಮಾರುಗಟ್ಟಲೆ ಉಳಿದರು ಅನ್ನುವುದೇ ಅರ್ಥವಾಗುವುದಿಲ್ಲ.

ಈಗ ನೆಲದ ಕೆಳಗಿನ ಮಾತು. ಚಾಂಪಿಯನ್ ರೀಫ್ ಗಣಿ ಕೊನೆಗೆ ಮೂರು ಕಿಲೋಮೀಟರಿಗೂ ಜಾಸ್ತಿ ಆಳ ಹೋಯಿತು. ಒಂದೇ ಕೇಜಿನಲ್ಲಿ ಅಲ್ಲಿಗೆ ಇಳಿಯಲು ಆಗುವುದಿಲ್ಲ, ನಡುವೆ ಇಳಿದು ಇನ್ನೊಂದು ಶಾಫ್ಟಿಗೆ, ಅಂದರೆ ಗಣಿ ಬಾವಿಗೆ, ಹೋಗಬೇಕು. ಅಷ್ಟು ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತದೆ, ಮೇಲಿಂದ ತಂಪು ಗಾಳಿ ಕಳಿಸಬೇಕು. ಕಲ್ಲು ತೆಗೆದ ಜಾಗ ಕುಸಿಯದಿರಲಿ ಅಂತ ಕಡಿದ ಗ್ರಾನೈಟ್ ಕಲ್ಲನ್ನು ಗೋಡೆ ಹಾಗೆ ಪೇರಿಸುತ್ತಿದ್ದರು. ಆದರೂ ಬಂಡೆ ಸಿಡಿಯುತ್ತಿತ್ತು. ಮೇಲಿನ ಭಾರ ತಡೆಯಲಾರದೆ ಗೋಡೆ ಒಮ್ಮೆಗೇ ಚೂರಾಗಿ ಎರಚುವುದು. ಮೊದಲು ಅದನ್ನು ಏರ್ ಬ್ಲಾಸ್ಟ್ ಅನ್ನುತ್ತಿದ್ದರು, ಗಾಳಿ ಒತ್ತಡದಿಂದ ಆಗುತ್ತದೆ ಅಂದುಕೊಂಡಿದ್ದರು. ದೊಡ್ಡದಾದರೆ ಮೇಲೆ ಮನೆಗಳೂ ಅದುರುತ್ತವೆ, ಗೂಡಿನ ಪಾತ್ರೆ ಉರುಳುತ್ತವೆ. ಅಡುಗೆ ಮಾಡುತ್ತಿದ್ದವಳು ಒಲೆ ಹಾಗೇ ಬಿಟ್ಟು ಶಾಫ್ಟಿನ ಕಡೆ ಓಡುತ್ತಾಳೆ. ಅವಳ ಗಂಡ ಯಾವ ಪಾಳಿಯಲ್ಲಿದ್ದಾನೆ ಅನ್ನುವುದು ಆ ಕ್ಷಣಕ್ಕೆ ಅವಳಿಗೆ ಮುಖ್ಯ. ನಿಮ್ಮ ಓದುಗರಿಗೂ ಅಷ್ಟೇ ಮುಖ್ಯ ಆಗಬೇಕು. ಅದಕ್ಕೆ ಪಾಳಿಯ ಲೆಕ್ಕ ಮೊದಲ ಅಧ್ಯಾಯದಲ್ಲೇ ಕೂರಿಸಿ.

ಸ್ಫೋಟ ಬರೆಯುವುದು ಸುಲಭ. ಕಷ್ಟದ್ದು ಧೂಳು. ಕೊರೆಯುವ ಕಲ್ಲಿನ ಸಣ್ಣ ಪುಡಿ ಎದೆಯೊಳಗೆ ಕೂತು ವರ್ಷಗಟ್ಟಲೆ ಆದ ಮೇಲೆ ಉಸಿರು ಕಸಿಯುತ್ತದೆ. ಸಿಲಿಕೋಸಿಸ್ ಅನ್ನುವ ಆ ಕಾಯಿಲೆ ಭಾರತದಲ್ಲಿ ಮೊದಲು ವರದಿಯಾದದ್ದೇ ಕೋಲಾರದ ಗಣಿಯಿಂದ, 1934ರಲ್ಲಿ. ಗಣಿ ಶುರುವಾಗಿ ಆಗಲೇ ಐವತ್ತು ವರ್ಷ ದಾಟಿತ್ತು ಅನ್ನುವುದನ್ನು ಗಮನಿಸಿ. ಅಷ್ಟು ದಿನ ಕೆಮ್ಮಿ ಸತ್ತವರ ಕಾಯಿಲೆಗೆ ಏನು ಹೆಸರು ಬರೆದಿರಬಹುದು? ಕೊರೆಯುವ ಕೆಲಸದವನೊಬ್ಬ ಮೂವತ್ತೈದಕ್ಕೆ ಮಗನನ್ನು ಎತ್ತಿಕೊಂಡು ದಿಬ್ಬ ಹತ್ತಲಾರದೆ ಕೂರುತ್ತಾನೆ. ಇಷ್ಟು ಸಾಕು, ಖಳನಾಯಕ ಬೇಕಿಲ್ಲ.

ಕಳ್ಳತನದ ಬಗ್ಗೆ ಬರೆಯದೆ ಇರಲು ನಿಮಗೆ ಆಗುವುದಿಲ್ಲ, ನನಗೂ ಗೊತ್ತು. ಬರೆಯಿರಿ. ಆದರೆ ಕದಿಯುವುದು ಗಟ್ಟಿ ಚಿನ್ನವಲ್ಲ. ಒಳ್ಳೆ ಅದಿರಿನ ಚೂರು, ಗಿರಣಿಯಲ್ಲಿ ಚಿನ್ನ ಹಿಡಿದ ಪಾದರಸದ ಅಂಟು, ತೊಳೆದ ಮಣ್ಣು. ಹೊರಗೆ ಬರುವಾಗ ಮೈ ತಡಕುತ್ತಾರೆ. ಗಣಿ ಕಾನೂನಿನಲ್ಲಿ ಅಂಥ ಮಾಲು ಕೈಯಲ್ಲಿ ಸಿಕ್ಕಿದವನೇ ತಾನು ಕದ್ದಿಲ್ಲ ಅಂತ ತೋರಿಸಬೇಕಿತ್ತು. ತನ್ನ ಅಜ್ಜಿಯ ಅಜ್ಜಿ ಬಯಲಲ್ಲಿ ಕೂತು ತೊಳೆಯುತ್ತಿದ್ದ ಮಣ್ಣನ್ನು ಮೊಮ್ಮಗ ಸೊಂಟಕ್ಕೆ ಕಟ್ಟಿಕೊಂಡರೆ ಜೈಲು. ಯಾರು ಕಳ್ಳ ಅನ್ನುವ ತೀರ್ಪನ್ನು ಓದುಗರಿಗೇ ಬಿಡಿ.

ಇನ್ನು ನಾನು ಯಾವ ಹಸ್ತಪ್ರತಿಯಲ್ಲೂ ಕಾಣದ ವಿಷಯ. ಈ ಕೂಲಿಗಳು ಓದುತ್ತಿದ್ದರು. 1907ರಲ್ಲಿ ಮದ್ರಾಸಿನಲ್ಲಿ ಅಯೋತ್ತಿದಾಸ ಪಂಡಿತರು ಒಂದು ತಮಿಳು ವಾರಪತ್ರಿಕೆ ಶುರು ಮಾಡಿದರು. ಜಾತಿ ಬೇಡ, ನಮ್ಮ ಮೂಲ ಧರ್ಮ ಬೌದ್ಧ ಧರ್ಮ ಅಂತ ವಾದಿಸುತ್ತಿದ್ದವರು ಅವರು. ಆ ಪತ್ರಿಕೆಗೆ ಗಣಿಯಲ್ಲಿ ಓದುಗರಿದ್ದರು, ಬರೆದು ಕಳಿಸುವವರೂ ಇದ್ದರು. ಮಾರಿಕುಪ್ಪಂನಲ್ಲಿ, ಚಾಂಪಿಯನ್ ರೀಫಿನಲ್ಲಿ ಬೌದ್ಧ ಸಂಘಗಳಿದ್ದವು. ಪಂಡಿತರು ತೀರಿಕೊಂಡ ಎಷ್ಟೋ ವರ್ಷದ ಮೇಲೆ, 1920ರ ದಶಕದಲ್ಲಿ, ಜಿ. ಅಪ್ಪಾದುರೈಯಾರ್ ಅದೇ ಪತ್ರಿಕೆಯನ್ನು ಗಣಿಯಿಂದಲೇ ಮತ್ತೆ ಹೊರತಂದರು. ಅಂಬೇಡ್ಕರ್ ನಾಗಪುರದಲ್ಲಿ ಬೌದ್ಧ ದೀಕ್ಷೆ ತಗೊಂಡದ್ದು 1956ರಲ್ಲಿ. ಅದಕ್ಕೂ ಸುಮಾರು ಐವತ್ತು ವರ್ಷ ಮುಂಚೆ ನಮ್ಮ ಪಕ್ಕದ ಊರಿನ ತಟ್ಟಿ ಮನೆಗಳಲ್ಲಿ ಬುದ್ಧನ ಮಾತು ನಡೆಯುತ್ತಿತ್ತು. 1954ರಲ್ಲಿ ಅಂಬೇಡ್ಕರರೇ ಕೆಜಿಎಫ್‌ಗೆ ಬಂದುಹೋದರು. ಹೀಗಿರುವಾಗ ಕತೆಯ ಕೂಲಿಗಳನ್ನು ಕುಡುಕರು, ಮುಗ್ಧರು, ಯಾರೋ ಬಂದು ಎಬ್ಬಿಸುವ ತನಕ ಮಲಗಿದವರು ಅಂತ ಬರೆಯುವುದು ಸುಳ್ಳು ಮಾತ್ರವಲ್ಲ, ಸೋಮಾರಿತನ. ರಾತ್ರಿ ಪಾಳಿ ಮುಗಿಸಿ ಬಂದು ಸೀಮೆಎಣ್ಣೆ ದೀಪದಲ್ಲಿ ನಾಲ್ಕು ಜನಕ್ಕೆ ಪತ್ರಿಕೆ ಓದಿ ಹೇಳುವ ಒಬ್ಬನನ್ನು ಊಹಿಸಿಕೊಳ್ಳಿ. ನನಗೆ ಆ ಕಾದಂಬರಿ ಬೇಕು.

ಅವರು ಎಷ್ಟು ಎಚ್ಚರವಾಗಿದ್ದರು ಅನ್ನುವುದಕ್ಕೆ 1930 ಸಾಕ್ಷಿ. ಎಲ್ಲ ಕೂಲಿಗಳೂ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕು ಅಂತ ಕಂಪನಿ ನಿಯಮ ತಂದಿತು. ನಾವೇನು ಕಳ್ಳರಾ ಅಂತ ಜನ ತಿರುಗಿಬಿದ್ದರು. ಸುಮಾರು ಮೂರು ವಾರ ಗಣಿ ನಿಂತಿತು. ಹೇಳಿಕೊಳ್ಳುವಂಥ ಯೂನಿಯನ್ ಕೂಡ ಇರಲಿಲ್ಲ. 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಕಾರ್ಮಿಕರು ಸತ್ತರು. ಎರಡನ್ನೂ ಯಾರಾದರೂ ಬರೆಯುತ್ತಾರೆ ಅಂದುಕೊಂಡಿದ್ದೇನೆ. ಎರಡರಲ್ಲಿ ಒಂದೇ ಅಂದರೆ ನಾನು 1930 ಆರಿಸಿಕೊಳ್ಳುತ್ತೇನೆ. ಬರೀ ಒಂದು ಬೆರಳಚ್ಚಿನ ವಿರುದ್ಧ ಎದ್ದ ಹೋರಾಟವನ್ನು ರೋಚಕವಾಗಿ ಬರೆಯುವುದರಲ್ಲಿ ಬರಹಗಾರನ ಕೈಚಳಕ ಗೊತ್ತಾಗುತ್ತದೆ.

ಸಾಹೇಬರ ಕ್ಲಬ್ಬು, ಗಾಲ್ಫ್ ಮೈದಾನ, ಹೂವಿನ ತೋಟದ ಬಂಗಲೆ, ಪುಟ್ಟ ಇಂಗ್ಲೆಂಡ್ ಅನ್ನುವ ಬಿರುದು, ಇವೆಲ್ಲ ಈಗಾಗಲೇ ಸಾಕಷ್ಟು ಬಂದಿವೆ. ಒಂದೆರಡು ಪುಟದಲ್ಲಿ ಮುಗಿಸಿ. ಬೇಕಾದರೆ ಕಾರ್ನ್‌ವಾಲ್‌ನಿಂದ ಬಂದ ಬಡ ಗಣಿಗಾರರನ್ನು ನೋಡಿ. ತಮ್ಮೂರಿನ ತವರದ ಗಣಿಗಳು ಸೊರಗಿ ಇಲ್ಲಿಗೆ ಬಂದವರು. ಅಲ್ಲಿ ಕೂಲಿ, ಇಲ್ಲಿ ದೊರೆ. ಅಂಥವನ ತಲೆಯೊಳಗೆ ಏನು ನಡೆಯುತ್ತಿತ್ತು ಅನ್ನುವುದು ನಿಜಕ್ಕೂ ಕುತೂಹಲದ್ದು.

ಕೊನೆಗೆ ನಿಮ್ಮೆಲ್ಲರ ತಲೆನೋವು, ಮಾತು. ಲೈನಿನಲ್ಲಿ ನಡೆಯುವುದು ತಮಿಳು. ಸಂತೆಯಲ್ಲಿ ತೆಲುಗು, ಅಂಗಡಿಯಲ್ಲಿ ಉರ್ದು, ಆಫೀಸಿನಲ್ಲಿ ಇಂಗ್ಲಿಷು. ಕನ್ನಡ ಕಾದಂಬರಿಯಲ್ಲಿ ಇವರೆಲ್ಲ ಬೆಂಗಳೂರು ಕನ್ನಡ ಮಾತಾಡಿದರೆ ನಮ್ಮ ಕಡೆಯವರಿಗೆ ನಗು ಬರುತ್ತದೆ. ನನಗೆ ತೋಚಿದ ದಾರಿ ಹೇಳುತ್ತೇನೆ. ಸುತ್ತಲಿನ ಹಳ್ಳಿಯಿಂದ ಹಾಲು, ಸೊಪ್ಪು, ರಾಗಿ ತಂದು ಲೈನಿನಲ್ಲಿ ಮಾರುವ ಒಬ್ಬ ಹೆಂಗಸಿನ ಕಣ್ಣಿನಿಂದ ಕತೆ ಹೇಳಿ. ಬೇತಮಂಗಲದ ಕಡೆಯವಳು ಅಂತ ಇಟ್ಟುಕೊಳ್ಳಿ. ಅವಳಿಗೆ ಕನ್ನಡವೂ ಬರುತ್ತದೆ, ತೆಲುಗೂ ಬರುತ್ತದೆ, ತಮಿಳು ವ್ಯಾಪಾರಕ್ಕೆ ಸಾಕಾಗುವಷ್ಟು. ಯಾವ ಮನೆ ಸಾಲ ಹೇಳುತ್ತದೆ, ಯಾವ ಮನೆ ಇದ್ದಕ್ಕಿದ್ದಂತೆ ನಗದು ಕೊಡಲು ಶುರು ಮಾಡಿತು ಅನ್ನುವುದು ಅವಳಿಗೆ ಪೊಲೀಸರಿಗಿಂತ ಮೊದಲು ಗೊತ್ತು. ಕೇಳಿಸಿಕೊಂಡದ್ದನ್ನು ಅವಳು ತನ್ನ ಕನ್ನಡದಲ್ಲಿ ಹೇಳಿದರೆ ಯಾರೂ ತಕರಾರು ಮಾಡುವುದಿಲ್ಲ. ಇಲ್ಲವೇ ಒಬ್ಬ ಪೇದೆ, ಒಬ್ಬ ಗುಮಾಸ್ತ. ಕನ್ನಡದವನು ಆ ಊರಿನ ಅಂಚಿನಲ್ಲಿ ನಿಂತು ನೋಡಿದವನು. ಅಂಚಿನಿಂದಲೇ ಬರೆಯಿರಿ, ನಡುಮನೆಗೆ ನುಗ್ಗಿ ನಮ್ಮದೇ ಮನೆ ಅನ್ನಬೇಡಿ.

ಬರೆದಾದ ಮೇಲೆ ಪ್ರಕಾಶಕರಿಗೆ ಕಳಿಸುವ ಮುಂಚೆ ಒಂದು ಕೆಲಸ ಮಾಡಿ. ಬೆಳಗಿನ ರೈಲು ಹಿಡಿದು ಮಾರಿಕುಪ್ಪಂಗೆ ಬನ್ನಿ. ನೀವು ಬರುವ ಹೊತ್ತಿಗೆ ಎದುರಿನ ರೈಲಿನಲ್ಲಿ ಅಲ್ಲಿಯ ಹುಡುಗ ಹುಡುಗಿಯರು ಬೆಂಗಳೂರಿಗೆ ಕೆಲಸಕ್ಕೆ ಹೊರಟಿರುತ್ತಾರೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಊರು ಬದುಕಿರುವುದೇ ಹಾಗೆ. ಮನೆಯಲ್ಲಿರುವ ಹಿರಿಯರಿಗೆ, ಶಾಫ್ಟಿಗೆ ಇಳಿದವರಿಗೆ, ಅವರ ಹೆಂಡತಿಯರಿಗೆ ನಿಮ್ಮ ಎರಡು ಅಧ್ಯಾಯ ಓದಿ ಹೇಳಿ. ಕನ್ನಡ ಅವರಿಗೆ ಅರ್ಥವಾಗುತ್ತದೆ. ತಪ್ಪಿದ್ದರೆ ಮುಖದ ಮೇಲೇ ಹೇಳುತ್ತಾರೆ, ಟೀ ಕೊಟ್ಟು ಹೇಳುತ್ತಾರೆ. ಆ ತಿದ್ದುಪಡಿ ಮುಗಿದ ಪ್ರತಿಯನ್ನು ಓದಲು ನಾನೂ ಕಾಯುತ್ತಿದ್ದೇನೆ.

ಇಂತಿ,
ಬಂಗಾರಪೇಟೆ ಕಡೆಯ ಒಬ್ಬ ಓದುಗ